ಗುಂಡಿಗೆ ಸವರುವ ಮೇಣ

2024ರ ಆಗಸ್ಟ್ 11. ತಿಲಕ್ ನಗರದ ಗ್ರಂಧಿಗೆ ಅಂಗಡಿಯಲ್ಲಿ ನನ್ನ ಮುಂದೆ ಇಬ್ಬರಿದ್ದರು: ಒಬ್ಬ ವೃದ್ಧೆ ಮತ್ತು ಆಕೆಯ ಮೈದುನ. ಆಕೆ ಜೇನುಮೇಣ ಕೇಳಿದರು.

“ಮೇಣ ಯಾಕತ್ತಿಗೆ? ಅಣ್ಣ ಹೋದ್ಮೇಲೆ ಕೋವಿ ಸ್ಟೇಷನ್‌ಗೆ ಕೊಟ್ಟಾಯ್ತಲ್ಲ.”

“ಕೋವಿ ಯಾರಿಗೆ ಬೇಕು, ಸೋಮು? ನಳಿಗೇಲಿ ಸಲೀಸಾಗಿ ಜಾರ್ಲಿ ಅಂತ ಸೀಸದ ಗುಂಡಿಗೆ ಸವರೋಕೆ ನಿಮ್ಮಣ್ಣ ನನ್ನ ಅಡುಗೆಮನೇಲಿ ಮೇಣ ಕಾಯಿಸ್ತಿದ್ರಲ್ಲ, ಆ ವಾಸನೆ ಬೇಕು.”

“ಬೇರೆಯವರೆಲ್ಲ ಕುರಿ ಕೊಬ್ಬು ಸವರೋರು.”

“ನಮ್ಮನೇಲಿ ಕೊಬ್ಬಾ? ಶಿವ ಶಿವಾ! ಮೇಣಕ್ಕೆ ಹರಳೆಣ್ಣೆ ಬೆರೆಸೋರು. ನಾನೂ ಹಾಗೇ ಮಾಡ್ನೋಡ್ದೆ. ಆ ವಾಸನೆ ಬರ್ಲೇ ಇಲ್ಲ.”

ಮೈದುನ ದನಿ ತಗ್ಗಿಸಿದರು.

“ಹರಳೆಣ್ಣೆ ಅಲ್ಲ ಅತ್ತಿಗೆ. ನೀವು ತಲೆಗೆ ಹಚ್ಕೊಳ್ಳೋಕೆ ಕಾಯಿಸಿಡ್ತಿದ್ದ ಭೃಂಗರಾಜದ ಎಣ್ಣೆ. ನಿಮಗೆ ಹೇಳ್ಬೇಡ ಅಂತ ಅಣ್ಣ ಆಣೆ ಹಾಕಿಸ್ಕೊಂಡಿದ್ದ.”

“ಕಳ್ಳ ನಿಮ್ಮಣ್ಣ! ಬಾಟ್ಲಿ ಖಾಲಿಯಾದಾಗೆಲ್ಲ ನೀನೇ ಹಚ್ಕೊಂಡೆ ಅಂತ ನಿನ್ನ ಬೈದಿದ್ದೀನಿ.”

“ಗುಂಡಿಗೆ ಹರಳೆಣ್ಣೇನೇ ಚೆನ್ನಾಗಿತ್ತು. ಆದ್ರೆ ಇದನ್ನ ಹಾಕಿದ್ರೆ, ರಾತ್ರಿ ಹೊಲಕ್ಕೆ ಕಾಡುಹಂದಿ ನುಗ್ಗದಂಗೆ ಕಾಯೋವಾಗ ಅವಳು ಪಕ್ಕದಲ್ಲೇ ಇದ್ದಂಗಿರುತ್ತೆ ಅಂತಿದ್ದ ಅಣ್ಣ.”

“ಅವರು ಹೋದ್ಮೇಲೆ ಆ ಎಣ್ಣೆ ನಾನು ಕಾಯಿಸೇ ಇಲ್ಲ.”

ಆಕೆ ಅಂಗಡಿಯವನತ್ತ ತಿರುಗಿದರು. “ಮೇಣದ ಜೊತೆ ಒಣಗಿದ ಭೃಂಗರಾಜಾನೂ ಕಟ್ಟಪ್ಪ.”

“ಅಣ್ಣ ಕದ್ದ ಎಣ್ಣೆಯ ಬಾಕಿ ಇದು, ನಾನು ಕೊಡ್ತೀನಿ,” ಎಂದು ಮೈದುನ ಪರ್ಸ್ ತೆಗೆದರು.

“ಬೇಡ. ಆ ಬಾಕಿ ಅವರ ಹೆಸರಲ್ಲೇ ಇರ್ಲಿ,” ಎಂದು ಆಕೆ ತಾವೇ ಹಣ ಕೊಟ್ಟು ಹೊರಟರು.