ಸೇಠನ ಎರಡು ಸೀಟಿನ ಕಾರು

ಮುಂಬಯಿಯ ಬೈಕುಲ್ಲಾ ಸ್ಟೇಶನ್ನಿನ ಹೊರಗೆ ಬಸ್ಸಿನ ಸಾಲಿನಲ್ಲಿ ನಮ್ಮ ಕಡೆಯ ಇಬ್ಬರು ಗ್ಯಾರೇಜಿನವರು ನನ್ನ ಮುಂದೆ ನಿಂತಿದ್ದರು. ಕಿರಿಯವನು ಬಂಡೆಪ್ಪ, ಹಿರಿಯವನನ್ನು ಅವನು ನಿಂಗಣ್ಣ ಎನ್ನುತ್ತಿದ್ದ.

“ನಮ್ಮ ಗ್ಯಾರೇಜಿನ ಸೇಠನ ಮಗನ ಎರಡು ಸೀಟಿನ ರೇಸಿನ ಕಾರು ಮಲಾಡ್ ಮುಟ್ಟೂದ್ರಾಗ ಇಂಜಿನ್ ಕುದ್ದು ನಿಂತುಬಿಡ್ತಂತ, ನಿಂಗಣ್ಣ. ಗ್ಯಾರೇಜಿಗೆ ಎಳಕೊಂಡು ಬಂದಾರ. ಸೇಠ ನನಗ ನಾಳಿಂದ ಕೆಲಸಕ್ಕ ಬರಬ್ಯಾಡ ಅಂದಾನ.”

“ದೊಡ್ಡ ರೇಡಿಯೇಟರ್ ಕೂಡಿಸೀನಿ ಅಂತ ಎದಿ ಉಬ್ಬಿಸಿಕೊಂಡು ತಿರುಗತಿದ್ದ್ಯಲ್ಲಲೇ?”

“ಕೂಡಿಸೀನಿ. ಅದರ ಮುಂದ ಆಯಿಲ್ ಕೂಲರೂ ಹಾಕೀನಿ. ಒಂದು ಹನಿ ಸೋರಿಲ್ಲ.”

“ಅದರ ಮುಂದ?”

“ಜಾಳಿಗಿ. ಜಾಳಿಗಿ ಮ್ಯಾಲ ಪೂಜಿ ಹಾರ.”

“ಎಷ್ಟು ದಪ್ಪ?”

“ತೊಡಿ ದಪ್ಪ, ಮೂರು ಸುತ್ತು. ಸೇಠಾಣಿ ತಂದಿದ್ದು. ಹಾರಿ ಹೋಗಬಾರದಂತ ನಾನೇ ತಂತಿ ಬಿಗಿದೆ.”

“ಭೇಷ್! ಗಾಳಿ ಆಡಲಿ ಅಂತ ಎಂಟು ದಿನ ದುಡದಿ, ಕಡೀಕ ಅದರ ಬಾಯಾಗ ಚೆಂಡುಹೂ ತುರುಕಿದಿ. ಎಂಥಾ ಮಿಸ್ತ್ರಿಯೋ ನೀನು!”

“ದೇವರ ಹಾರ, ಅಣ್ಣ. ಸೇಠಾಣಿಗೆ ಹೆಂಗ ಹೇಳಲಿ?”

“ದೇವರು ಉಸಿರು ಕಟ್ಟಿ ಸಾಯೂದಿಲ್ಲ, ಇಂಜಿನ್ ಸಾಯತದ. ಕಟ್ಟಿದವ ನೀನೇ, ನೀನೇ ಬಿಚ್ಚು. ಆಮ್ಯಾಲ ಸೇಠನ ಎದುರಿಗೇ ಓಡಿಸಿ ತೋರಿಸು.”

ಬಸ್ಸು ಬಂತು. ನಿಂಗಣ್ಣ ಹತ್ತಿದ. ಬಂಡೆಪ್ಪ ಸಾಲು ಬಿಟ್ಟು, ಜೇಬಿನಲ್ಲಿದ್ದ ತಂತಿ ಬಿಚ್ಚುವ ಪಕ್ಕಡ ಮುಟ್ಟಿ ನೋಡಿಕೊಂಡು, ಗ್ಯಾರೇಜಿನ ಕಡೆಗೆ ತಿರುಗಿದ.