ದ್ಯಾವಪ್ಪ ಜೋಡಿ

ತಾರ್ನಾಕದ ಬಸ್ ಸ್ಟಾಪಿನಿಂದ ನಮ್ಮ ಮನೆಗೆ ಎಂಟು ನಿಮಿಷದ ದಾರಿ. ನಡುವೆ ಒಂದು ಹಳೆಯ ಕಲ್ಲುಬಾವಿ. ನೀರಿಲ್ಲ. ಮೇಲೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಆಲದ ಮರ. 2004ರ ಮಾರ್ಚ್ ಹದಿನೆಂಟು, ಗುರುವಾರ, ನಮ್ಮ ಚಿಕ್ಕಪ್ಪನ ಮಗ ಚಂದ್ರಕಾಂತ ಕೊನೆಯ ಬಸ್ಸಿಳಿದು ಆ ಬಾವಿ ದಾಟುವಾಗ ರಾತ್ರಿ ಹನ್ನೊಂದು ಹೊಡೆದು ಹತ್ತು ನಿಮಿಷ. ಕಂಕುಳಲ್ಲಿ ಒಂದು ಉದ್ದನೆಯ ಪುಸ್ತಕ.

ಹಿಂದೆ ಸದ್ದಾಯಿತು.

ಕಿಣ್... ಕಿಣ್...

ಗಾಜಿನ ಬಳೆ ಕಬ್ಬಿಣದ ಬುಟ್ಟಿಯ ಅಂಚಿಗೆ ತಾಗುವ ಸದ್ದು. ಕಾಂಕ್ರೀಟು ಹೊತ್ತ ಹೆಂಗಸು ಕೈಯೆತ್ತಿ ತಲೆಯ ಮೇಲಿನ ಬುಟ್ಟಿ ಹಿಡಿದಿದ್ದರೆ ಹೆಜ್ಜೆಗೊಮ್ಮೆ ಹಾಗಾಗುತ್ತದೆ. ಚಂದ್ರಕಾಂತ ದಿನವೂ ಕೇಳುವ ಸದ್ದೇ ಅದು. ಆದರೆ ಊರಿನ ಇನ್ನೊಂದು ತುದಿಯ ಮಾದಾಪುರದಲ್ಲಿ, ಕೆಲಸದ ಜಾಗದಲ್ಲಿ, ಹಗಲು ಹೊತ್ತು.

ಅವನು ನಿಂತ. ಸದ್ದೂ ನಿಂತಿತು.

"ಯಾರ್ರಿ?"

"ನಾನ್ರಿ ಸಾಹೇಬ್ರ..." ಬಹಳ ಸಣ್ಣ ದನಿ. "ನನ್ನ ಹಾಜರಿ ಹಾಕೀರೇನ್ರಿ?"

ಅವನು ತಿರುಗಿ ನೋಡಲಿಲ್ಲ. ನಡೆದ. ಕಿಣ್... ಕಿಣ್... ಸದ್ದು ನಮ್ಮ ಗೇಟಿನವರೆಗೂ ಬಂತು.

ಈಗ ಆ ಪುಸ್ತಕದ ಮಾತು ಹೇಳಬೇಕು. ಮಾದಾಪುರದಲ್ಲಿ ಆಗ ಕಂಪ್ಯೂಟರ್ ಕಂಪನಿಗಳಿಗಾಗಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ ಚಂದ್ರಕಾಂತ ಹಾಜರಿ ಬರೆಯುವ ಗುಮಾಸ್ತ. ನಮ್ಮ ಮನೆಯಲ್ಲೇ ಇದ್ದ. ಗುಲ್ಬರ್ಗ, ರಾಯಚೂರು ಕಡೆಯ ಕೂಲಿಯವರು ಗಂಡ ಹೆಂಡತಿ ಸೇರಿ ಕೆಲಸಕ್ಕೆ ಬರುತ್ತಿದ್ದರು. ಅವರಿಗೆ ಜೋಡಿ ಅನ್ನುತ್ತಿದ್ದರು. ಬೆಳಿಗ್ಗೆ ಮೇಸ್ತ್ರಿ "ದ್ಯಾವಪ್ಪ ಜೋಡಿ" ಅಂತ ಕೂಗುತ್ತಿದ್ದ. ಗಂಡ ಇಬ್ಬರ ಪರವಾಗಿ ಓಗೊಡುತ್ತಿದ್ದ. ಪುಸ್ತಕದಲ್ಲೂ ಅಷ್ಟೇ, ಒಂದು ಸಾಲು: ದ್ಯಾವಪ್ಪ ಜೋಡಿ. ಹೆಂಡತಿಗೆ ಹೆಸರಿಲ್ಲ.

ಫೆಬ್ರವರಿ ಒಂಬತ್ತರಂದು ಆರನೆಯ ಅಂತಸ್ತಿನ ಸಾರುವೆಯ ಹಲಗೆ ಮುರಿಯಿತು. ಇಬ್ಬರೂ ಬಿದ್ದರು. ದ್ಯಾವಪ್ಪನ ಸೊಂಟ ಮುರಿದು ಆಸ್ಪತ್ರೆ ಸೇರಿದ. ಹೆಂಡತಿ ಬಿದ್ದಲ್ಲೇ ಪ್ರಾಣ ಬಿಟ್ಟಳು. ಮಗಳು ಭಾಗ್ಯಶ್ರೀಗೆ ನಾಲ್ಕು ವರ್ಷ. ದ್ಯಾವಪ್ಪನ ಔಷಧದ ಖರ್ಚಿಗೆ ಕಂಪನಿ ಒಪ್ಪಿತು, ಅವನ ಹೆಸರು ಪುಸ್ತಕದಲ್ಲಿತ್ತಲ್ಲ. ಹೆಂಡತಿಯ ಮಾತು ಬಂದಾಗ ಸೂಪರ್‌ವೈಸರ್ ಏನೆಂದ ಗೊತ್ತೇ? "ಆಕಿ ನಮ್ಮ ಕೂಲಿಯಾಕಿ ಅಲ್ಲ. ಗಂಡಗ ಬುತ್ತಿ ಕೊಡಾಕ ಬಂದಿದ್ಲು."

ಬುತ್ತಿ ಕೊಡಲು ಬಂದವಳು ಆರನೆಯ ಅಂತಸ್ತಿನಲ್ಲಿ ತಲೆಯ ಮೇಲೆ ಕಾಂಕ್ರೀಟು ಹೊತ್ತಿದ್ದಳಂತೆ.

ಪರಿಹಾರದ ಅರ್ಜಿ ಬರೆದವಳು ನಾನು. ಭಾನುವಾರ ನಮ್ಮ ಕಡೆಯ ಕೂಲಿಯವರಿಗೆ ಕಾಗದ ಪತ್ರ ಬರೆದುಕೊಡುವುದು, ಎಲ್ಲದರ ನಕಲು ಇಡುವುದು ನನ್ನ ಪದ್ಧತಿ. ಆ ಗುರುವಾರದ ಮಾರನೆಯ ದಿನ, ಶುಕ್ರವಾರ, ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ ಇತ್ತು. ಹಾಜರಿ ಪುಸ್ತಕ ತರಬೇಕೆಂದು ಹೇಳಿದ್ದರು. ಹಾಗಾಗಿ ಚಂದ್ರಕಾಂತನ ಕಂಕುಳಲ್ಲಿ ಅದನ್ನು ಕಂಡು ನನಗೆ ಖುಷಿಯೇ ಆಯಿತು. ನಮ್ಮವನೇ ತಂದಿದ್ದಾನೆ ಅಂದುಕೊಂಡೆ.

ಅವನು ಊಟ ಬೇಡವೆಂದ. ನಮ್ಮ ಯಜಮಾನರಾದ ಬಸವಲಿಂಗಪ್ಪನವರದು ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ನಾನು ದೀಪ ಆರಿಸಿ ಮಲಗಿದೆ. ಅವನು ಹೊರಗಿನ ಕೋಣೆಯಲ್ಲಿ ಬರೆಯಲು ಕೂತ. ಬರೆಯುವಾಗ ಹೆಸರುಗಳನ್ನು ಬಾಯಲ್ಲಿ ಹೇಳಿಕೊಳ್ಳುವುದು ಅವನ ಅಭ್ಯಾಸ.

"ಸೀತಾರಾಮ... ಮಲ್ಲು ಜೋಡಿ... ದ್ಯಾವಪ್ಪ..."

ಠಣ್.

ಬಾಗಿಲ ಹೊರಗೆ. ತುಂಬಿದ ಬುಟ್ಟಿಯನ್ನು ಕಲ್ಲಿನ ಮೇಲೆ ಇಳಿಸಿದ ಹಾಗೆ.

ಅವನು ಪುಟ ತಿರುವಿದ. "ಸೀತಾರಾಮ... ಮಲ್ಲು ಜೋಡಿ... ದ್ಯಾವಪ್ಪ..."

ಠಣ್.

ನಾನು ಎದ್ದು ಬಂದೆ. ಅವನ ಮುಂದೆ ಎರಡು ಪುಸ್ತಕ. ಒಂದು ಹಳೆಯದು, ಇನ್ನೊಂದು ಹೊಚ್ಚ ಹೊಸದು.

"ಏನ್ ಬರ್ಯಾಕತ್ತಿ?"

"ಚೊಕ್ಕ ನಕಲು, ಅಕ್ಕ..." ಪಿಸುಗುಟ್ಟಿದ. "ಹಳೇದು ಸುಟ್ಟುಬಿಡು ಅಂದಾರ."

ನಾನು ಎರಡನ್ನೂ ಓದಿದೆ. ಹಳೆಯದರಲ್ಲಿ "ದ್ಯಾವಪ್ಪ ಜೋಡಿ". ಹೊಸದರಲ್ಲಿ ಬರೀ "ದ್ಯಾವಪ್ಪ".

"ಬಿ.ಕಾಂ. ಓದಿದ್ದು ಇದಕ್ಕೇನು? ಸತ್ತಾಕಿನ್ನ ಇನ್ನೊಮ್ಮೆ ಕೊಲ್ಲಾಕ?"

"ಬರೀಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂದಾನ ಸೂಪರ್‌ವೈಸರ್. ಊರಾಗ ಅವ್ವಗ ಏನ್ ಕಳಸ್ಲಿ ಅಕ್ಕ?" ಬಾಗಿಲ ಕಡೆ ನೋಡಿದ. "ಮೊದಲ ಅದನ್ನ ಕೇಳು... ಆಕಿ ಬಾವಿ ಕಡೆಯಿಂದ ನನ್ನ ಹಿಂದ ಬಂದಾಳ. ಹಾಜರಿ ಕೇಳಾಕತ್ತಾಳ."

ದೆವ್ವಕ್ಕೆ ಹೆದರುವವರು ಹೆದರಲಿ. ನನಗೆ ಬಂದದ್ದು ಸಿಟ್ಟು. ಸತ್ತ ಮೇಲೂ ಆ ಹೆಣ್ಣುಮಗಳು ತನ್ನ ಹಾಜರಿಗಾಗಿ ತಾನೇ ಮನೆ ಮನೆ ಅಲೆಯಬೇಕೆ? ಕಪಾಟಿನಿಂದ ನನ್ನ ನೋಟ್‌ಬುಕ್ ತೆಗೆದೆ. ನಾನು ಶಿಸ್ತಾಗಿ ಬರೆದಿಟ್ಟಿರುತ್ತೇನಲ್ಲ, ಇವನಿಗೆ ತೋರಿಸೋಣವೆಂದು. ಅಕ್ಟೋಬರ್ ಐದು, ಭಾನುವಾರ. ದುಂಡಗಿನ ನನ್ನದೇ ಅಕ್ಷರ: "ದ್ಯಾವಪ್ಪ, ಜೋಡಿ. ಒಂದು ಮಗು."

ಅವತ್ತು ಆಕೆ ನಮ್ಮ ಬಾಗಿಲಲ್ಲೇ ಕೂತು ಚಹಾ ಕುಡಿದಿದ್ದಳು. ನಾನು ಹೆಸರು ಕೇಳಿರಲಿಲ್ಲ. ಆಕೆಯ ಹೆಸರನ್ನು ನಾನು ಮೊದಲ ಸಲ ಬರೆದದ್ದು ಸಾವಿನ ಪರಿಹಾರದ ಅರ್ಜಿಯಲ್ಲಿ.

ಆ ಸಿಟ್ಟು ಈಗಲೂ ಆರಿಲ್ಲ. ಕಂಪನಿಯ ಮೇಲಿನದೂ, ನನ್ನ ಮೇಲಿನದೂ.

"ಹೊಸಾ ಪುಸ್ತಕ ಮುಚ್ಚು," ಅಂದೆ. "ಆಕಿ ಹೆಸರು ಹಿಡದು ಕರಿ."

"ನಾನಾ?"

"ಹೆಸರು ಬಿಟ್ಟಾವ ನೀನಲ್ಲ? ನೀನ ಕರಿ."

ಅವನು ಬಾಗಿಲ ಕಡೆ ತಿರುಗಿದ. "ಗಂಗಾಬಾಯಿ..."

ಫ್ಯಾನು ತಿರುಗುತ್ತಿತ್ತು. ಹೊರಗೆ ಒಂದು ಬಳೆ... ಕಿಣ್.

"ಅದೀನ್ರಿ."

ಇದ್ದೀನಿ ಅಂತ, ಅಷ್ಟೇ. ನಾನೂ ಕೇಳಿದೆ. ದಣಿದ ದನಿ, ಸಂಜೆ ಕೆಲಸ ಮುಗಿದ ಮೇಲಿನ ದನಿ. ಆಮೇಲೆ ಬರಿಗಾಲ ಹೆಜ್ಜೆ, ಗೇಟಿನ ಚಿಲಕ, ಮತ್ತೆ ಏನೂ ಇಲ್ಲ. ಬೆಳಗಾಗುವ ತನಕ ಇಬ್ಬರೂ ಆ ಪುಸ್ತಕದ ಎದುರಿಗೇ ಕೂತಿದ್ದೆವು.

ವಿಚಾರಣೆಯಲ್ಲಿ ಸೂಪರ್‌ವೈಸರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಹಳೆಯ ಪುಸ್ತಕ ಮೇಜಿನ ಮೇಲೆ ಬಿದ್ದಾಗ ಅವನ ಮುಖ ನೋಡಬೇಕಿತ್ತು. "ಜೋಡಿ ಅಂದರೆ ಯಾರು?" ಅಂತ ಅಧಿಕಾರಿ ತೆಲುಗಿನಲ್ಲಿ ಕೇಳಿದರು. ಚಂದ್ರಕಾಂತ ಎದ್ದು ನಿಂತ. "ದ್ಯಾವಪ್ಪ ಒಬ್ಬ, ಗಂಗಾಬಾಯಿ ಒಬ್ಬಳು. ಇಬ್ಬರದೂ ದಿನಾ ಹಾಜರಿ ಹಾಕಿದವ ನಾನೇ. ಹೆಸರು ಬರೆಯದವನೂ ನಾನೇ." ಅವತ್ತೇ ಅವನ ಕೆಲಸ ಹೋಯಿತು. ಭಾಗ್ಯಶ್ರೀಯ ಹೆಸರಿಗೆ ಪರಿಹಾರದ ಆದೇಶ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ಕಟ್ಟಡದ ಉದ್ಘಾಟನೆಯಾಗಿ, ಪೇಪರಿನಲ್ಲಿ ಬಣ್ಣದ ಫೋಟೋ ಬಂದು, ಎಲ್ಲರೂ ಹೊಗಳಿದ್ದೂ ಆಯಿತು.

ಕಟ್ಟುಕತೆ ಅನ್ನುವವರಿಗೆ ಒಂದೇ ಮಾತು. ಆ ಶುಕ್ರವಾರ ಬೆಳಿಗ್ಗೆ ನೀರು ಹಾಕಲು ಬಾಗಿಲು ತೆಗೆದೆ. ಬಾಗಿಲ ಮುಂದಿನ ಶಹಾಬಾದ ಹಾಸುಗಲ್ಲಿನ ಮೇಲೆ ಸಿಮೆಂಟಿನ ಒಂದು ದುಂಡು ಗುರುತು, ಬುಟ್ಟಿಯ ತಳದಷ್ಟು. ನಮ್ಮ ಓಣಿಯಲ್ಲಿ ಆಗ ಯಾವ ಮನೆಯ ಕೆಲಸವೂ ನಡೆದಿರಲಿಲ್ಲ. ಬೆರಳಿಟ್ಟು ನೋಡಿ, ಕೈ ತೊಳೆಯುವ ಮೊದಲೇ ಬರೆದಿಟ್ಟೆ. ಪುಟದ ಅಂಚಿನಲ್ಲಿ ಆ ಬೆರಳಿನ ಬೂದು ಕಲೆ ಇನ್ನೂ ಇದೆ.

"19-3-2004. ಬೆಳಿಗ್ಗೆ 6.20. ಇನ್ನೂ ಹಸಿ."