ಅಮವಾಸ್ಯೆಯ ದಿನ ಹಾಜರಿ ಕರೆಯದ ಬಗ್ಗೆ

ಹಾಗೂ ಆ ದಿನದ ಟಿಕ್ ಹಾಕುವ ಮನೆ ಹಾಜರಿ ಪುಸ್ತಕದಲ್ಲಿ ಖಾಲಿ ಇದೆ ಎಂಬಲ್ಲಿಗೆ ನಿನ್ನೆ ನಿಲ್ಲಿಸಿದ್ದೆ. ಅಲ್ಲಿಂದಲೇ ಮುಂದೆ ಹೇಳುವುದಾದರೆ, ಖಾಲಿ ಬಿಟ್ಟವನು ನಾನೇ. ಆದರೆ ಹೆಸರು, ವಿಳಾಸ ಮತ್ತೊಮ್ಮೆ ಬೇಕು, ಇವತ್ತಿನದನ್ನು ನೀವೇ ಕೈಯಾರೆ ಬರೆದುಕೊಡಿರಿ ಎಂದು ಠಾಣೆಯ ಪೊಲೀಸ್ ಮಾಲತೇಶ ಅವರು ಹೇಳಿದ್ದರಿಂದ ಮೊದಲು ಅದನ್ನು ಬರೆಯುತ್ತೇನೆ.

ನಾನು ಶಂಭುಲಿಂಗ ತಂದೆ ಗುದ್ಲೆಪ್ಪ ಕಬ್ಬೂರ, ವಯಸ್ಸು 66 ವರ್ಷ, ಉದ್ಯೋಗ: ತಿಳವಳ್ಳಿ ಹತ್ತಿರದ ಗೋವಿನಜೋಳ ಬೀಜದ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತ, ಮೂಲ ಊರು ಚಿಕ್ಕೇರೂರು, ಹಾಲಿ ವಾಸ: ತಿಳವಳ್ಳಿ, ತಾಲೂಕು ಹಾನಗಲ್ಲ. ಹೆಂಡತಿ ನೀಲಾಂಬಿಕಾ ತೀರಿಕೊಂಡು ನಾಲ್ಕು ವರ್ಷ ಮೂರು ತಿಂಗಳಾಯಿತು. ಇದನ್ನು ಯಾರೂ ಕೇಳಿಲ್ಲ, ಆದರೂ ಬರೆದಿದ್ದೇನೆ. ಈ ಮೂಲಕ ತಿಳಿಸುವುದೇನೆಂದರೆ,

ನಾನು ಸದರಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನನಗೆ ನೇಮಕಾತಿ ಪತ್ರ ಕೊಟ್ಟಿಲ್ಲ. ಯಾರಿಗೂ ಕೊಟ್ಟಿಲ್ಲ. ಇಂಥವರು ಇಲ್ಲಿ ಕೆಲಸಕ್ಕಿದ್ದಾರೆ ಎಂಬುದಕ್ಕೆ ಇರುವ ಕಾಗದವೆಂದರೆ ನನ್ನ ಹಾಜರಿ ಪುಸ್ತಕ ಒಂದೇ. ಹಾನಗಲ್ಲ ಕಾಲೇಜಿನಲ್ಲಿ ಎರಡು ವರ್ಷ ಬಿ.ಎ. ಓದಿ, ಇಂಗ್ಲಿಷ್ ಪೇಪರ್ ಉಳಿದು ಬಿಟ್ಟವನು ನಾನು. ಆದರೂ ಹೆಸರು ಕರೆಯುತ್ತೇನೆಂದು ಎಲ್ಲರೂ ಮಾಸ್ತರ ಎನ್ನುತ್ತಾರೆ.

ಪ್ರತಿದಿನ ಬೆಳಿಗ್ಗೆ 8-30ಕ್ಕೆ ಶೆಡ್ಡಿನ ಬಾಗಿಲಲ್ಲಿ ನಿಂತು ಹತ್ತೊಂಬತ್ತು ಹೆಸರು ಕರೆಯುತ್ತೇನೆ. ಒಬ್ಬೊಬ್ಬರೂ ನನ್ನ ಮುಂದೆ ಬಂದು ನಿಂತು ‘ಪ್ರೆಸೆಂಟ್’ ಅನ್ನಬೇಕು. ಇದನ್ನು ನಾನೇ ಕಲಿಸಿದ್ದು. ಹತ್ತೊಂಬತ್ತನೆಯ ಹೆಸರಿಗೆ ಟಿಕ್ ಬಿದ್ದ ಮೇಲೆಯೇ ಮಶೀನ್ ನೋಡಿಕೊಳ್ಳುವ ದಿಲಾವರ ಸ್ವಿಚ್ ಹಾಕುತ್ತಾನೆ. ಕಾಳು ಹಸನು ಮಾಡುವ ಈ ಮಶೀನಿಗೂ ಹಿಂದಿನ ಗೋಡೆಗೂ ನಡುವೆ ಮೂರೂವರೆ ಅಡಿ ಜಾಗವಿದ್ದು, ಅಲ್ಲಿ ಯಾರಾದರೂ ಕುಳಿತಿದ್ದರೆ ಬಾಗಿಲಿನಿಂದ ಕಾಣುವುದಿಲ್ಲ. ಅದಕ್ಕೇ ಈ ಪದ್ಧತಿ.

ಅಮವಾಸ್ಯೆಗೆ ಮಾತ್ರ ಬೇರೆ ಪದ್ಧತಿ. ಆ ದಿನ ಮಶೀನ್, ತಕ್ಕಡಿ, ಹಾಜರಿ ಪುಸ್ತಕ ಮೂರಕ್ಕೂ ವಿಭೂತಿ ಹಚ್ಚಿ ಪೂಜೆ. ಪೂಜೆಗಿಟ್ಟ ಪುಸ್ತಕಕ್ಕೆ ಮರುದಿನದವರೆಗೂ ಪೆನ್ನು ತಾಗಿಸುವುದಿಲ್ಲ. ಇದು ಮಾಲಕರ ಆದೇಶವಲ್ಲ. ನಮ್ಮ ಅಪ್ಪ ಕಾಳುಕಡಿ ದಲಾಲಿಯ ಅಡತಿ ಅಂಗಡಿಯಲ್ಲಿ ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿಕೊಂಡು ಬಂದೆ. ಹೆಣ್ಣುಮಕ್ಕಳು ಆ ದಿನವೂ ಬಂದು ಮಶೀನ್ ತೊಳೆದು ಒರೆಸುತ್ತಾರೆ. ಅದಕ್ಕೆ ಬದಲಾಗಿ ಆ ವಾರದಲ್ಲಿ ಒಂದು ದಿನ ಮಧ್ಯಾಹ್ನದ ಮೇಲೆ ಸೂಟಿ ಸಿಗುತ್ತದೆ. ಹನ್ನೊಂದು ವರ್ಷದಲ್ಲಿ ಎಷ್ಟು ಅಮವಾಸ್ಯೆಯೋ ಅಷ್ಟೂ ಮನೆ ಖಾಲಿ ಬಿಟ್ಟಿದ್ದೇನೆ. ಅದರಿಂದ ಯಾರಿಗಾದರೂ ಕೇಡಾದೀತು ಎಂದು ನನಗೆ ಹೊಳೆಯಲಿಲ್ಲ.

ದಿನಾಂಕ 28-1-2025ರಂದು ಸಾಯಂಕಾಲ 5-30ಕ್ಕೆ ಮ್ಯಾನೇಜರ್ ಪರಮೇಶಪ್ಪ ಅವರು ಎಲ್ಲರನ್ನೂ ಗೇಟಿನ ಹತ್ತಿರ ನಿಲ್ಲಿಸಿ, ನಾಳೆ ಅಮವಾಸ್ಯೆ, ಎಂಟಕ್ಕೆಲ್ಲ ಬರಬೇಕು ಎಂದರು. ಒಬ್ಬಾಕೆ ತವರಿಗೆ ಹೋಗುವುದಿದೆ ಎಂದದ್ದಕ್ಕೆ ಅವರು, “ಹೋಗವ್ವಾ, ಹೋಗು. ನಾಡಿದ್ದೂ ಅಲ್ಲೇ ಇರು, ಈ ಕಡೆ ಬರಬ್ಯಾಡ” ಅಂದರು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಕೆ ತವರಿಗೆ ಹೋಗಲಿಲ್ಲ.

29-1-2025, ಬುಧವಾರ. ನಾನು 7-50ಕ್ಕೆ ಹೋದೆನು. ಮನೆಯಿಂದ ಒಂದೂವರೆ ಕಿಲೋಮೀಟರ್, ನಡೆದೇ ಹೋಗುತ್ತೇನೆ. 8 ಗಂಟೆಗೆಲ್ಲ ಹೆಣ್ಣುಮಕ್ಕಳು ಬಂದರು. ಅವರಲ್ಲಿ ಹೊಳೆವ್ವ ಇದ್ದಳು. ವಯಸ್ಸು ಸುಮಾರು 38, ಆರು ವರ್ಷದಿಂದ ಕೆಲಸಕ್ಕಿದ್ದಾಳೆ, ಗಂಡನಿಲ್ಲ, ಹೆಣ್ಣುಮಗಳೊಬ್ಬಳು ಹತ್ತನೆಯ ತರಗತಿ. ಪುಸ್ತಕ ಮುಚ್ಚಿ ದೀಪದ ಮುಂದೆ ಇಟ್ಟದ್ದನ್ನು ನೋಡಿ ಆಕೆ, “ಏನ್ರಿ ಮಾಸ್ತರ, ಇವತ್ತ ನಿಮ್ಮ ಪೆನ್ನಿಗೂ ಉಪವಾಸೇನ್ರಿ?” ಅಂದಳು. ಎಲ್ಲರೂ ನಕ್ಕರು. ನಾನು, ಪೆನ್ನಿಗಷ್ಟೇ ಉಪವಾಸ, ನಿನ್ನ ಬಾಯಿಗೆ ಯಾವ ದಿನವೂ ಇಲ್ಲ ಅಂದೆ. ಸೀಮೆಎಣ್ಣೆಯ ಅರಿವೆ ಹಿಡಿದು ಆಕೆ ಮಶೀನಿನ ಹಿಂದೆ ಹೋದಳು. ಬೆಲ್ಟಿನ ಕೆಳಗಿನ ಜಿಡ್ಡು ತೆಗೆಯುವುದು ಯಾವಾಗಲೂ ಆಕೆಯೇ, ಬೇರೆಯವರ ಕೈ ಅಲ್ಲಿಗೆ ಮುಟ್ಟುವುದಿಲ್ಲ.

9-10ಕ್ಕೆ ಪೂಜೆ ಶುರುವಾಯಿತು. ಬಾಳೆಹಣ್ಣು ಕಡಿಮೆ ಬಿದ್ದವೆಂದು ಪರಮೇಶಪ್ಪ ಅವರು ದಿಲಾವರನನ್ನು ಬಸ್ ನಿಲ್ದಾಣಕ್ಕೆ ಕಳಿಸಿದರು. ಅವನು, ನಾ ಬರೂತನಕ ಸ್ವಿಚ್ಚಿಗೆ ಕೈ ಹಚ್ಚಬ್ಯಾಡ್ರಿ ಎಂದು ಹೇಳಿ ಹೋದನು. 9-25ಕ್ಕೆ ಕಾಯಿ ಒಡೆದಾಯಿತು. ಕಾಯಿ ಒಡೆದ ಮೇಲೆ ಮಶೀನನ್ನು ಒಂದು ನಿಮಿಷ ಖಾಲಿ ತಿರುಗಿಸುವುದು ರೂಢಿ. ದಿಲಾವರ ಇನ್ನೂ ಬಂದಿರಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ನಿನ್ನೆ ಹೇಳಿಲ್ಲ. ಹೇಳದೆಯೇ ಬಸ್ ಹತ್ತಿ ಊರಿಗೆ ಹೋದೆ. ಇವತ್ತು ಯಾರೂ ಕರೆಯದೆ ನಾನಾಗಿಯೇ 2-15ರ ಬಸ್ಸಿಗೆ ಬಂದಿದ್ದೇನೆ.

ಪರಮೇಶಪ್ಪ ಅವರು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿ, “ಮಾಸ್ತರ, ಎಲ್ಲಾರೂ ಹೊರಗ ಬಂದಾರೇನ್ರಿ?” ಎಂದು ಕೇಳಿದರು. ನನ್ನ ಕೈಯಲ್ಲಿ ಆರತಿ ತಟ್ಟೆ ಇತ್ತು. ಪುಸ್ತಕ ಮುಚ್ಚಿತ್ತು. ಹೆಸರು ಕರೆದಿರಲಿಲ್ಲ. ತಲೆ ಎಣಿಸಲೂ ಇಲ್ಲ. ನಾನು, “ಬಂದಾರ್ರಿ, ಚಾಲೂ ಮಾಡ್ರಿ” ಅಂದೆ. ಅವರು ಹಾಕಿದರು.

ಎರಡು ಸೆಕೆಂಡಿಗೆ ಸುನಿತಾ ಎಂಬ ಕೆಲಸದಾಕೆ, ಹೊಳೆವ್ವಕ್ಕ ಹಿಂದ ಅದಾಳ್ರೀ, ಬಂದ್ ಮಾಡ್ರೀ ಎಂದು ಚೀರಿದಳು. ಸ್ವಿಚ್ ತೆಗೆದರೂ ಬೆಲ್ಟು ತಕ್ಷಣ ನಿಲ್ಲುವುದಿಲ್ಲ. ನಾವು ಹಿಂದೆ ಹೋದಾಗ ಹೊಳೆವ್ವ ಗೋಡೆಗೆ ಒರಗಿ ಕುಳಿತಿದ್ದಳು. ಬಲಗೈಯ ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳು ಇರಲಿಲ್ಲ. ಆಕೆ ಅಳಲಿಲ್ಲ. ಎಡಗೈಯಿಂದ ಅರಿವೆಯನ್ನು ಹುಡುಕುತ್ತಿದ್ದಳು. ಕಾರಿನಲ್ಲಿ ಮೊದಲು ಹಾನಗಲ್ಲಿಗೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದರು. ಆರತಿ ತಟ್ಟೆಯನ್ನು ನಾನು ಎಲ್ಲಿಟ್ಟೆನೋ ಇಂದಿಗೂ ಗೊತ್ತಿಲ್ಲ.

31-1-2025ರಂದು ಸಾಯಂಕಾಲ 4 ಗಂಟೆಗೆ ಪರಮೇಶಪ್ಪ ಅವರು ನನ್ನ ಮನೆಗೆ ಬಂದರು. ಕೈಯಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಹಾಳೆ ಇತ್ತು. ಸಹಿ ಮಾಡಿರಿ ಎಂದರು. ನನ್ನ ಇಂಗ್ಲಿಷ್ ಅರ್ಧ ಮರೆತಿದೆ, ಆದರೂ ಎರಡು ಸಲ ಓದಿದೆ. ‘ಷಿ ಕೇಮ್ ವಾಲಂಟರಿಲಿ, ಔಟ್ ಆಫ್ ಡಿವೋಷನ್’ ಎಂದು ಇತ್ತು. ಅಂದರೆ ಹೊಳೆವ್ವ ತಾನಾಗಿಯೇ ಭಕ್ತಿಯಿಂದ ಪೂಜೆಗೆ ಬಂದವಳು, ಅಂದು ಕಾರ್ಖಾನೆಗೆ ರಜೆ, ಹಾಜರಿ ಪುಸ್ತಕವೇ ಸಾಕ್ಷಿ ಎಂದು. ಮುಂದೆ ‘ಮಶೀನ್ ವಾಸ್ ಸ್ಟಾರ್ಟೆಡ್’ ಎಂದಿತ್ತು. ಯಾರು ಚಾಲೂ ಮಾಡಿದರು ಎಂದು ಇರಲಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಬರೆಯಲು ಬರುತ್ತದೆ.

ಆಕೆ ಕೆಲಸಕ್ಕೆ ಬಂದವಳಲ್ಲವೇ ಎಂದು ನಾನು ಕೇಳಿದೆ. ಅದಕ್ಕೆ ಅವರು, “ಕೆಲಸಕ್ಕ ಬಂದಿದ್ರ ನೀವು ಪುಸ್ತಕದಾಗ ಬರೀತಿದ್ರಿ. ಬರದೀರೇನು? ಇಲ್ಲ. ಮುಗೀತಲ್ಲ” ಅಂದರು. ಕೆಲಸದಲ್ಲಿದ್ದಾಗ ಕೈ ಹೋದರೆ ಕಾಯಿದೆ ಪ್ರಕಾರ ಪರಿಹಾರ ಕೊಡಬೇಕು, ಪ್ರಸಾದಕ್ಕೆ ಬಂದವರಿಗೆ ಕೊಡಬೇಕಾಗಿಲ್ಲ, ಇದು ಅವರ ಲೆಕ್ಕ. ಅವರು ಚಪ್ಪಲಿ ಮೆಟ್ಟುತ್ತ, “ಮತ್ತ ಇನ್ನೊಂದ್ ನೆನಪಿಡ್ರಿ ಮಾಸ್ತರ. ಬಂದಾರ ಅಂತ ಅಂದಾವ್ರು ಯಾರು? ನಾನೋ, ನೀವೋ? ಈ ವಯಸ್ಸಿನಾಗ ಕೋರ್ಟು ಕಚೇರಿ ನಿಮಗ ಬೇಕೇನ್ರಿ?” ಎಂದು ಹೇಳಿ ಹೋದರು. ಹಾಳೆ ನನ್ನಲ್ಲೇ ಬಿಟ್ಟರು. ಸಹಿ ಮಾಡಿಲ್ಲ. ಇದರ ಜೊತೆ ಲಗತ್ತಿಸಿದ್ದೇನೆ.

2-2-2025, ಭಾನುವಾರ, ನಾನು ಹುಬ್ಬಳ್ಳಿ ಆಸ್ಪತ್ರೆಗೆ ಹೋದೆ. ಹೊಳೆವ್ವ ಎದ್ದು ಕೂರಲು ಹೋದಳು, ಬೇಡವೆಂದೆ. ಪರಮೇಶಪ್ಪ ಅವರು ಬಂದಿದ್ದರೆಂದೂ, ನೀ ಪೂಜಿಗೆ ಬಂದಾಕಿ ಅಂತ ಹೇಳು, ಮಗಳ ಓದಿಗೆ ಏನಾದರೂ ನೋಡೋಣ ಎಂದರೆಂದೂ ಹೇಳಿದಳು. ಆಮೇಲೆ, “ಮಾಸ್ತರ, ನಾ ಕೆಲಸಕ್ಕ ಬಂದಿದ್ದೆ ಹೌದಲ್ರೀ? ನನಗ ಹಂಗ ನೆನಪೈತಿ. ಇವ್ರು ಇಷ್ಟ್ ಸಲ ಅಲ್ಲ ಅಲ್ಲ ಅಂದಾಗ ನನಗ ಡೌಟ್ ಬರಾಕತ್ತೈತಿ” ಅಂದಳು. ನಾನು ಹೌದು ಎಂದೆ. ‘ಬಂದಾರ’ ಎಂದು ಹೇಳಿದ್ದು ನಾನೇ ಎಂಬುದನ್ನು ಮಾತ್ರ ಆಕೆಗೆ ಹೇಳಲಿಲ್ಲ. ಹೇಳಲು ಹೋಗಿದ್ದೆ, ಹೇಳದೆ ಬಂದೆ.

ಇಷ್ಟು ಬರೆದಾದ ಮೇಲೆ ಮಾಲತೇಶ ಅವರು ಓದಿ ನೋಡಿ, ನಾನು ಮ್ಯಾನೇಜರಿಗೆ ಕೊಟ್ಟ ಉತ್ತರದ ಸಾಲಿನ ಮೇಲೆ ಬೆರಳಿಟ್ಟು, “ಯಜಮಾನ್ರ, ಇದು ನಿಮ್ಮ ಮ್ಯಾಲೇ ಬರತೈತಿ. ವಿಚಾರ ಮಾಡಿ ಬರದೀರೇನ್ರಿ?” ಎಂದು ಕೇಳಿದರು. ವಿಚಾರ ಮಾಡಿಯೇ ಬರೆದಿದ್ದೇನೆ ಎಂದೆ. ಪ್ರಸಾದಕ್ಕೆ ಬಂದವರು ಮಶೀನಿನ ಹಿಂದಿನಿಂದ ಹೊರಗೆ ಬಂದರೇ ಎಂದು ಯಾರೂ ಕೇಳುವುದಿಲ್ಲ. ಮ್ಯಾನೇಜರು ಹಾಜರಿ ಗುಮಾಸ್ತನನ್ನು ಕೇಳಿದರು, ಯಾಕೆಂದರೆ ಒಳಗಿದ್ದವರು ಕೆಲಸದವರು. ಗುಮಾಸ್ತ ಉತ್ತರ ಕೊಟ್ಟ. ಆ ಸಾಲು ತೆಗೆದರೆ ನಾನು ಉಳಿಯುತ್ತೇನೆ, ಹೊಳೆವ್ವ ಪ್ರಸಾದಕ್ಕೆ ಬಂದವಳಾಗುತ್ತಾಳೆ. ಆದ್ದರಿಂದ ಇರಲಿ.

ಇದನ್ನೇ ಕಾರ್ಮಿಕ ಇಲಾಖೆಯವರ ಮುಂದೆಯೂ, ಕರೆದ ಕಡೆಯಲ್ಲೆಲ್ಲ, ಹೇಳಲು ತಯಾರಿದ್ದೇನೆ. ಅಕ್ಷರ ಚೆನ್ನಾಗಿಲ್ಲ, ಮನ್ನಿಸಬೇಕು. ಇನ್ನೂ ಹೇಳುವುದಿತ್ತೇನೋ. ಕರೆಂಟಿಲ್ಲದ್ದರಿಂದ ಕಿಟಕಿಯ ಹತ್ತಿರ ಕುಳಿತು ಬರೆಯುತ್ತಿದ್ದೆ, ಈಗ ಬೆಳಕು ಹೋಗುತ್ತಿದೆ, ಗೆರೆ ಕಾಣುತ್ತಿಲ್ಲ. ಪೂರ್ತಿ ಕತ್ತಲಾಗುವುದರೊಳಗೆ ಸಹಿ ಮಾಡುತ್ತೇನೆ. ಇದರಲ್ಲಿ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು ಇದೆ. ನಿನ್ನೆ ಮುಚ್ಚಿಟ್ಟದ್ದೂ ಸೇರಿ ಎಲ್ಲವೂ ನಿಜ, ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ.

ಸ್ಥಳ: ಹಾನಗಲ್ಲ
ದಿನಾಂಕ: 4-2-2025, ಸಾಯಂಕಾಲ 6-20
ಸಹಿ: ಶಂಭುಲಿಂಗ ಗು. ಕಬ್ಬೂರ